ಲಸಿಕೆ ಹಾಕಿದ್ದು ಸರಿ, ಅದು ಹತ್ತಿತೇ?

ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾದ ವಿಭಾಗಕ್ಕೆ ಶುಶ್ರೂಷಾಧಿಕಾರಿಯಾಗಿ ಬಂದ ಹೊಸತರಲ್ಲಿ ನನ್ನ ಹೆದರಿಕೆಯೆಲ್ಲ ಸೂಜಿಯ ಸುತ್ತಲೇ ಇತ್ತು. ಸ್ನಾಯುವಿನಲ್ಲಿ ರಕ್ತ ಕಟ್ಟಿ ತೋಳು ಊದಿಕೊಂಡೀತೆಂಬ ಭಯದಿಂದ ಎಷ್ಟೋ ಮನೆಗಳಲ್ಲಿ ಮಕ್ಕಳ ಲಸಿಕೆಗಳು ಅರ್ಧಕ್ಕೇ ನಿಂತಿದ್ದವು. ಆದರೆ ಈ ತೊಂದರೆಗೆ ದಾರಿಯಿದೆ. ತೀವ್ರ ಹಿಮೋಫಿಲಿಯಾ ಎ ಇರುವ ಮಗುವಿಗೆ ಫ್ಯಾಕ್ಟರ್ 8 (ಅವರ ರಕ್ತದಲ್ಲಿ ಕೊರತೆಯಿರುವ, ಹೆಪ್ಪುಗಟ್ಟಿಸುವ ಪ್ರೋಟೀನ್) ಕೊಟ್ಟ ದಿನವೇ, ಅದಾದ ಸ್ವಲ್ಪ ಹೊತ್ತಿಗೆ, 25 ಗೇಜ್ ಸೂಜಿಯಿಂದ ಲಸಿಕೆ ಹಾಕಿ, ಉಜ್ಜದೆ 10 ನಿಮಿಷ ಒತ್ತಿ ಹಿಡಿಯುತ್ತೇನೆ. (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು; ಹೊಸಬರು ಇದನ್ನು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ.) ರಕ್ತಸ್ರಾವ ತಡೆಯುವ ಎಮಿಸಿಜುಮ್ಯಾಬ್ ಎಂಬ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಫ್ಯಾಕ್ಟರ್ ಕೂಡ ಬೇಕಾಗುವುದಿಲ್ಲ. ಹಿಮೋಫಿಲಿಯಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದಿಲ್ಲವಾದ್ದರಿಂದ ಲಸಿಕೆ ಎಲ್ಲರಲ್ಲಿ ಹತ್ತುವಂತೆ ಈ ಮಕ್ಕಳಲ್ಲೂ ಹತ್ತುತ್ತದೆ.

ನಾನು ಎಡವಿದ್ದು ಬೇರೊಂದು ಕಡೆ. ಐಟಿಪಿ (ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆ) ಇದ್ದ ಒಬ್ಬ ಮಹಿಳೆಗೆ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿದಾಗ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಸೂಜಿ ಚುಚ್ಚಲು ಸಾಕಾಗುವಷ್ಟು, 60 ಸಾವಿರ, ಇವೆಯೆಂದು ನೋಡಿದೆನೇ ಹೊರತು, ಎರಡು ತಿಂಗಳ ಹಿಂದಷ್ಟೇ ಅವರಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟಿದ್ದ ಚೀಟಿಯನ್ನು ತೆರೆದು ನೋಡಲಿಲ್ಲ. ಪ್ರತಿಕಾಯ (ರೋಗಾಣುವನ್ನು ಎದುರಿಸುವ ಪ್ರೋಟೀನ್) ತಯಾರಿಸುವ ಕೋಶಗಳು ಹುಟ್ಟುವುದೇ ಬಿ ಕಣಗಳೆಂಬ ಒಂದು ಬಗೆಯ ಬಿಳಿ ರಕ್ತಕಣಗಳಿಂದ. ಆ ಔಷಧ ಅವುಗಳನ್ನೇ ಅಳಿಸಿಹಾಕುತ್ತದೆ, ಮತ್ತೆ ಬೆಳೆದುಕೊಳ್ಳಲು ಆರು ತಿಂಗಳೋ ಅದಕ್ಕೂ ಹೆಚ್ಚೋ ಬೇಕು. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸ್ಟೀರಾಯ್ಡ್ ಬೇರೆ ನಡೆಯುತ್ತಿತ್ತು. ಮೂರನೆಯ ಡೋಸ್ ಆಗಿ ಒಂದು ತಿಂಗಳಿಗೆ ಪ್ರತಿಕಾಯದ ಮಟ್ಟ ಪರೀಕ್ಷಿಸಿದರೆ, ರಕ್ಷಣೆಗೆ ಬೇಕಾದ 10 ಯೂನಿಟ್ ಕೂಡ ಇರಲಿಲ್ಲ. "ಸಿಸ್ಟರ್, ಮೂರು ಸಲ ಚುಚ್ಚಿಸಿಕೊಂಡದ್ದು ಸುಮ್ಮನೆ ಹೋಯಿತಾ?" ಎಂದು ಅವರು ಕೇಳಿದಾಗ ನನ್ನ ತಪ್ಪನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ರಕ್ತರೋಗ ತಜ್ಞರ ಸಲಹೆಯಂತೆ, ಸ್ಟೀರಾಯ್ಡ್ ನಿಂತ ಮೇಲೆ ಇನ್ನೂ ಕೆಲವು ತಿಂಗಳು ಕಾದು, ದುಪ್ಪಟ್ಟು ಪ್ರಮಾಣದಲ್ಲಿ, ಅಂದರೆ ಒಂದು ಸಲಕ್ಕೆ 40 ಮೈಕ್ರೋಗ್ರಾಂನಂತೆ, ಪೂರ್ತಿ ಸರಣಿಯನ್ನು ಮತ್ತೊಮ್ಮೆ ಹಾಕಿದೆವು. ಅಷ್ಟರಲ್ಲಿ ಗಂಡನಿಗೂ ಮಕ್ಕಳಿಗೂ ಲಸಿಕೆ ಹಾಕಿಸಿದೆವು. ಒಬ್ಬರ ದೇಹ ಪ್ರತಿಕಾಯ ಕಟ್ಟಿಕೊಳ್ಳದಿದ್ದಾಗ ಸುತ್ತಲಿನವರ ರಕ್ಷಣೆಯೇ ಅವರಿಗೂ ಆಸರೆ. ಎರಡನೆಯ ಸರಣಿಯ ನಂತರ ಮಟ್ಟ 10ನ್ನು ದಾಟಿತು.

ಈಗ ಐಟಿಪಿ ರೋಗಿಗೆ ರಿಟುಕ್ಸಿಮ್ಯಾಬ್ ಬರೆಯುವ ಮಾತು ಬಂದ ಕೂಡಲೇ ವೈದ್ಯರನ್ನು ಕೇಳುತ್ತೇನೆ: ನಾಲ್ಕು ವಾರ ತಡೆಯಬಹುದೇ, ಈಗಲೇ ಲಸಿಕೆ ಹಾಕಿಬಿಡೋಣವೇ? ರಕ್ತಸ್ರಾವ ಜೋರಾಗಿದ್ದರೆ ತಡೆಯಲಾಗದು, ಔಷಧವೇ ಮೊದಲು. ಆಗ ಮುಂದಿನ ಲಸಿಕೆಯ ದಿನಾಂಕದ ಪಕ್ಕದಲ್ಲಿಯೇ ಪ್ರತಿಕಾಯ ಪರೀಕ್ಷೆಯ ದಿನಾಂಕವನ್ನೂ ಅವರ ಪುಸ್ತಕದಲ್ಲಿ ಬರೆದು ಕಳುಹಿಸುತ್ತೇನೆ.