ಸಿಆರ್‌ಪಿ 14 ಬಂತು, ಆಮೇಲೆ ನಾನು ಮಾಡಿದ್ದು

ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಹದಿನೆಂಟು ವರ್ಷ ಆಯ್ತು, ದಿನಾ ಬೇರೆಯವರ ರಕ್ತ ತೆಗೆದು ಇಎಸ್‌ಆರ್, ಸಿಆರ್‌ಪಿ ಅಂತ ಮೈಯಲ್ಲಿ ಉರಿಯೂತ (ಇನ್‌ಫ್ಲಮೇಶನ್) ಇದ್ಯಾ ತೋರಿಸೋ ಟೆಸ್ಟುಗಳ ರಿಪೋರ್ಟ್ ಕೊಡೋಳು ನಾನು, ಆದ್ರೆ ನಂದೇ ಹೈ ಸೆನ್ಸಿಟಿವಿಟಿ ಸಿಆರ್‌ಪಿ (ತೀರಾ ಕಮ್ಮಿ ಇದ್ರೂ ಹಿಡಿಯೋ ಟೆಸ್ಟು) ಲೀಟರಿಗೆ 14 ಮಿಲಿಗ್ರಾಂ ಅಂತ ಬಂದಾಗ ಕೈಕಾಲೇ ಆಡ್ಲಿಲ್ಲ. 1ರ ಒಳಗಿದ್ರೆ ಒಳ್ಳೇದು, 3 ದಾಟಿದ್ರೆ ಹಾರ್ಟಿಗೆ ರಿಸ್ಕ್ ಜಾಸ್ತಿ, ಈ ಲೆಕ್ಕ ಬಾಯಿಪಾಠ ಇತ್ತಲ್ಲ, ಅದೇ ತಲೆ ಕೆಡಿಸ್ತು.

ಮನೇಲಿ ಹೇಳಿದ್ರೆ ನಮ್ಮತ್ತೆ "ಅದು ಉಷ್ಣ ಕಣವ್ವ, ಎಳನೀರು ಕುಡಿ, ನಾಕು ದಿನ ಕೋಳಿ ಬಿಡು" ಅಂದ್ರು. ಉರಿಯೂತ ಅನ್ನೋ ಹೆಸರಲ್ಲೇ ಉರಿ ಇದೆ, ಅವರ ತಪ್ಪೇನಿಲ್ಲ ಬಿಡಿ. ಆದ್ರೆ ಇದು ಆ ಉಷ್ಣ ಅಲ್ಲ. ಮೈಯಲ್ಲಿ ಎಲ್ಲೋ ಗಾಯನೋ ಸೋಂಕೋ ಆದ್ರೆ ಅಲ್ಲಿಂದ ಸುದ್ದಿ ಹೋಗಿ ಲಿವರ್ ಈ ಸಿಆರ್‌ಪಿ ಅನ್ನೋ ಪ್ರೋಟೀನ್ ಮಾಡಿ ರಕ್ತಕ್ಕೆ ಬಿಡುತ್ತೆ. ರಾತ್ರಿ ನಾಯಿ ಬೊಗಳಿದ ಹಾಗೆ, ಯಾರೋ ಬಂದಿದಾರೆ ಅಂತ ಗೊತ್ತಾಗುತ್ತೆ, ಕಳ್ಳನೋ ನೆಂಟನೋ ನಾವೇ ಎದ್ದು ನೋಡ್ಬೇಕು.

ಡಾಕ್ಟ್ರು ರಿಪೋರ್ಟ್ ನೋಡಿದೋರೇ "ಹೋದ ವಾರ ಜ್ವರ ಇತ್ತೇನಮ್ಮಾ?" ಅಂದ್ರು. ಇತ್ತು! ಗಂಟಲು ಕಟ್ಟಿ ಎರಡು ದಿನ ಮಲಗಿದ್ದೆ. 10 ದಾಟಿದ್ರೆ ಹಾರ್ಟ್ ಲೆಕ್ಕಕ್ಕೆ ಆ ನಂಬರ್ ಹಿಡೀಬಾರದು, ಮೈ ಸರಿಹೋದ್ಮೇಲೆ ಮತ್ತೆ ನೋಡ್ಬೇಕು ಅನ್ನೋದು ನನಗೆ ಗೊತ್ತಿರ್ಲಿಲ್ವಾ, ಗೊತ್ತಿತ್ತು, ಭಯಕ್ಕೆ ಮರೆತೇ ಹೋಗಿತ್ತು.

ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಟ್ರೆ ಸಿಆರ್‌ಪಿ 5.2. ಇಎಸ್‌ಆರ್ ಮಾತ್ರ 38ರಲ್ಲೇ ಕೂತಿತ್ತು. ಸೋಂಕು ಹೋದ್ರೆ ಸಿಆರ್‌ಪಿ ಬೇಗ ಇಳಿಯುತ್ತೆ, ಹತ್ತೊಂಬತ್ತು ಗಂಟೆಗೆಲ್ಲ ಅರ್ಧ ಆಗುತ್ತೆ, ಇಎಸ್‌ಆರ್‌ಗೆ ವಾರಗಟ್ಟಲೆ ಬೇಕು. ಅದು ಟ್ಯೂಬಲ್ಲಿ ರಕ್ತ ನಿಲ್ಲಿಸಿ ಕೆಂಪು ಕಣ ಒಂದು ಗಂಟೇಲಿ ಎಷ್ಟು ಮಿಲಿಮೀಟರ್ ಕೆಳಗಿಳೀತು ಅಂತ ನೋಡೋದಷ್ಟೇ, ರಕ್ತ ಕಮ್ಮಿ ಇದ್ರೂ ಜಾಸ್ತಿ ತೋರಿಸುತ್ತೆ, ನನಗೆ ಹಿಮೋಗ್ಲೋಬಿನ್ ಬೇರೆ 10.

ಆದ್ರೂ 5.2 ಕಮ್ಮಿ ಏನಲ್ಲ. ಎಲ್ಲಿಂದ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ನನ್ನ ವಸಡು. ಬ್ರಶ್ ಮಾಡಿದಾಗೆಲ್ಲ ರಕ್ತ ಬರೋದು ವರ್ಷಗಳಿಂದ ಇತ್ತು, ಯಾರು ತಲೆ ಕೆಡಿಸ್ಕೋತಾರೆ. ಹಲ್ಲಿನ ಡಾಕ್ಟರ ಹತ್ರ ಎರಡು ಸಲ ಕೂತು ವಸಡಿನ ಒಳಗಿಂದ ಕ್ಲೀನ್ ಮಾಡಿಸ್ದೆ. ಹೊಟ್ಟೆ ಬೊಜ್ಜೂ ಇತ್ತು, ಆ ಕೊಬ್ಬೇ ಲಿವರಿಗೆ ಸುದ್ದಿ ಕಳಿಸ್ತಾ ಇರುತ್ತೆ, ಹಂಗಾಗಿ ಬೆಳಿಗ್ಗೆ ಮಹಾರಾಜ ಪಾರ್ಕಲ್ಲಿ ನಡಿಯೋಕೆ ಶುರು ಮಾಡ್ದೆ, ರಾತ್ರಿ ಅನ್ನ ಅರ್ಧ. ಅರಿಶಿನದ ಹಾಲೂ ಕುಡಿದೆ, ಅತ್ತೆ ಸಮಾಧಾನಕ್ಕೆ. ನಾಲ್ಕು ತಿಂಗಳಿಗೆ 2.4. ಎಲ್ಲಾ ಒಟ್ಟಿಗೆ ಮಾಡಿದ್ರಿಂದ ಯಾವುದು ಕೆಲಸ ಮಾಡ್ತು ಅಂತ ಹೇಳಕ್ಕಾಗಲ್ಲ.

ಒಂದು ಮಾತು, ಕೆಲವು ರಿಪೋರ್ಟಲ್ಲಿ ಲೀಟರಿಗೆ ಮಿಲಿಗ್ರಾಂ ಇರುತ್ತೆ, ಕೆಲವದ್ರಲ್ಲಿ ಡೆಸಿಲೀಟರಿಗೆ, ಅಂದ್ರೆ ಲೀಟರಿನ ಹತ್ತನೇ ಒಂದು ಭಾಗಕ್ಕೆ, ಹಂಗಾಗಿ 0.6 ನೋಡಿ ಖುಷಿಪಟ್ಟವರದ್ದು ನಿಜವಾಗಿ 6 ಇರಬಹುದು.

ಈಗ ಸೂಜಿ ಹಾಕೋ ಮುಂಚೆ "ಈಚೆಗೆ ಜ್ವರ, ಗಾಯ ಏನಾದ್ರೂ ಇತ್ತಾ?" ಅಂತ ಎಲ್ಲರನ್ನೂ ಕೇಳ್ತೀನಿ. ಮೊನ್ನೆ ಒಬ್ಬರು ಅಜ್ಜ "ನೀನೇನು ಡಾಕ್ಟ್ರಾ, ಸುಮ್ನೆ ಚುಚ್ಚವ್ವ, ಬಸ್ಸಿಗೆ ಹೊತ್ತಾಯ್ತು" ಅಂದ್ರು.