ಮೊದಲ ಐದು ಸಲ ಹೊಡೆಯುವುದಿಲ್ಲ

ರಾತ್ರಿ ಹತ್ತಕ್ಕೆ ಮಗಳು ಮಲಗುತ್ತಾಳೆ. ಹನ್ನೊಂದೂಕಾಲಿಗೆ ನಾನೂ ಮಲಗಲೇಬೇಕು, ಬೆಳಗ್ಗೆ ಎದ್ದು ಅವಳ ಡಬ್ಬಿ ಕಟ್ಟುವ ಕೆಲಸ ನನ್ನದು. ನಡುವೆ ಸಿಗುವ ಒಂದು ಗಂಟೆಯಲ್ಲಿ ನಾನು ಗೇಮ್ ಆಡುತ್ತೇನೆ. ಮೊದಲೆಲ್ಲ ಕಷ್ಟದ ಗೇಮ್ ಶುರು ಮಾಡಿ, ಎರಡನೇ ವಾರಕ್ಕೆ ಕೈಬಿಡುತ್ತಿದ್ದೆ. ಇತ್ತೀಚೆಗೆ ಹಾಗೆ ಕೈಬಿಟ್ಟದ್ದಿಲ್ಲ. ಏನು ಬದಲಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅದು ಶುರುವಾದದ್ದು 'ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33' ಆಡುವಾಗ. 2025ರ ಏಪ್ರಿಲ್‌ನಲ್ಲಿ ಬಂದ ಗೇಮ್. ಮಾಡಿದವರು ಫ್ರಾನ್ಸಿನ ಮಾಂಪೆಲಿಯೆ ಊರಿನ ಸ್ಯಾಂಡ್‌ಫಾಲ್ ಇಂಟರ್ಯಾಕ್ಟಿವ್. ಇದು ಅವರ ಮೊದಲ ಗೇಮ್, ಆ ವರ್ಷ 'ದಿ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಗೇಮ್ ಪ್ರಶಸ್ತಿಯನ್ನೂ ಅದೇ ತೆಗೆದುಕೊಂಡಿತು. ಲೂಮಿಯೇರ್ ಅಂತ ಒಂದು ಊರು. ಸಮುದ್ರದಾಚೆ ದೊಡ್ಡ ಕಲ್ಲುಕಂಬ. ವರ್ಷಕ್ಕೊಮ್ಮೆ ಒಬ್ಬ ಚಿತ್ರಗಾರ್ತಿ ಎದ್ದು ಅದರ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೂವಿನ ಎಸಳಾಗಿ ಗಾಳಿಯಲ್ಲಿ ಕರಗಿಹೋಗುತ್ತಾರೆ. ವರ್ಷವರ್ಷ ಸಂಖ್ಯೆ ಒಂದೊಂದು ಕಮ್ಮಿಯಾಗುತ್ತದೆ. ಶುರುವಿನಲ್ಲೇ ಗುಸ್ತಾವ್ ತನ್ನ ಹಳೆಯ ಗೆಳತಿ ಸೋಫಿಯ ಕೈ ಹಿಡಿದು ನಿಂತಿರುತ್ತಾನೆ. ಆ ಕೈ ಖಾಲಿಯಾಗುವುದನ್ನು ನೋಡಿ ನಾನು ಆ ರಾತ್ರಿ ಮುಂದೆ ಆಡಲಿಲ್ಲ. ಟಿವಿ ಆರಿಸಿ ಸುಮ್ನೆ ಕೂತಿದ್ದೆ.

ಕತೆ ಹಿಡಿದುಕೊಂಡಿತು, ಕಾಳಗ ಹಿಡಿತಕ್ಕೆ ಸಿಗಲಿಲ್ಲ. ಇದರಲ್ಲಿ ನಮ್ಮದೊಂದು ಸರದಿ, ಎದುರಾಳಿಯದೊಂದು ಸರದಿ. ಆದರೆ ಅವನ ಸರದಿಯಲ್ಲೂ ನಮಗೆ ಕೆಲಸವಿದೆ. ಏಟು ಬೀಳುವ ಹೊತ್ತಿಗೆ ಸರಿಯಾಗಿ ಡಾಡ್ಜ್ ಒತ್ತಿದರೆ ತಪ್ಪಿಸಿಕೊಳ್ಳಬಹುದು. ಪ್ಯಾರಿ ಒತ್ತಿದರೆ ಏಟನ್ನು ತಡೆಯಬಹುದು, ಎಲ್ಲ ಏಟೂ ತಡೆದರೆ ತಿರುಗಿ ಹೊಡೆಯಲೂಬಹುದು. ಪ್ಯಾರಿಗೆ ಸಿಗುವ ಕ್ಷಣ ತೀರಾ ಚಿಕ್ಕದು. ಮೊದಲ ಜಾಗದಲ್ಲೇ ಈಟಿ ಹಿಡಿದ ಲಾನ್ಸೆಲಿಯೆ ಬರುತ್ತಾನೆ. ಈಟಿ ಎತ್ತುತ್ತಾನೆ, ನಾನು ಒತ್ತುತ್ತೇನೆ. ಅವನು ಇನ್ನೂ ಹಾಗೇ ನಿಂತಿರುತ್ತಾನೆ. ಆಮೇಲೆ ಹೊಡೆಯುತ್ತಾನೆ.

ದಾರಿ ತೋರಿಸಿದ್ದು ಮಗಳ ಹಗ್ಗದಾಟ. ಭಾನುವಾರ ಕೆಳಗೆ ಇಬ್ಬರು ಹುಡುಗಿಯರು ಉದ್ದದ ಹಗ್ಗ ತಿರುಗಿಸುತ್ತಿದ್ದರು, ಇವಳು ಒಳಗೆ ನುಗ್ಗಬೇಕಿತ್ತು. ಹಗ್ಗ ನೋಡಿಕೊಂಡು ನುಗ್ಗಿದಾಗಲೆಲ್ಲ ಕಾಲಿಗೆ ಸಿಕ್ಕಿತು. ಆಮೇಲೆ ಅವಳು ನೋಡುವುದನ್ನು ಬಿಟ್ಟು, ಹಗ್ಗ ನೆಲಕ್ಕೆ ಬಡಿಯುವ ಸದ್ದಿಗೆ ಮೈ ತೂಗುತ್ತ ನಿಂತಳು. ಮೂರು ಸಲ ತೂಗಿ, ನಾಲ್ಕನೆಯದಕ್ಕೆ ಒಳಗಿದ್ದಳು. ಅವತ್ತು ರಾತ್ರಿ ನಾನೂ ಹೆಡ್‌ಫೋನ್ ಹಾಕಿಕೊಂಡೆ.

ಮೂರು ರಾತ್ರಿ ಬರೀ ಡಾಡ್ಜ್ ಮಾಡಿದೆ, ಪ್ಯಾರಿ ಮುಟ್ಟಲಿಲ್ಲ. ಇದರಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಡಾಡ್ಜ್ ಕರಾರುವಾಕ್ಕಾಗಿ ಬಿದ್ದರೆ ಪರದೆ ಮೇಲೆ 'ಪರ್ಫೆಕ್ಟ್' ಅಂತ ಬರುತ್ತದೆ. ಅಂದರೆ ಅದೇ ಹೊತ್ತಿಗೆ ಪ್ಯಾರಿ ಒತ್ತಿದ್ದರೂ ಸರಿಹೋಗುತ್ತಿತ್ತು. ಒಬ್ಬ ಎದುರಾಳಿಯ ಒಂದು ಏಟಿಗೆ ಸತತ ಮೂರು ಸಲ 'ಪರ್ಫೆಕ್ಟ್' ಬಂದರೆ ಮಾತ್ರ ಆ ಏಟಿಗೆ ಪ್ಯಾರಿ ಮಾಡುವುದು ಅಂತ ಕಟ್ಟುಪಾಡು ಹಾಕಿಕೊಂಡೆ. ಆಯುಧ ನೋಡುವುದನ್ನು ಬಿಟ್ಟು ಭುಜ ನೋಡಿದೆ. ಬಾಯಲ್ಲಿ 'ತಡಿ, ತಡಿ, ಈಗ' ಅಂತ ಹೇಳಿಕೊಂಡೆ. ವಾರದಲ್ಲಿ ಕೈ ತಾನಾಗಿ ಕಾಯಲು ಕಲಿಯಿತು. ಕತೆಯ ಕೊನೆಯ ಭಾಗದ ಬಗ್ಗೆ ಮಾತ್ರ ನನಗೊಂದು ಬೇಸರವಿದೆ. ಅಕ್ಕಪಕ್ಕದ ಜಾಗಗಳನ್ನೆಲ್ಲ ಆಸೆಯಿಂದ ಸುತ್ತಿ ಬಂದವರ ಬಲ ಎಷ್ಟು ಹೆಚ್ಚಿರುತ್ತದೆ ಅಂದರೆ, ಕೊನೆಯ ಕಾಳಗ ಕೆಲವೇ ಏಟಿಗೆ ಮುಗಿದುಬಿಡುತ್ತದೆ. ಅಷ್ಟು ದೂರ ಕರೆದುಕೊಂಡು ಬಂದ ಕತೆಗೆ ಅದು ಸಾಲದು.

ಅದೇ ವರ್ಷ ಸೆಪ್ಟೆಂಬರ್ 4ಕ್ಕೆ 'ಹಾಲೋ ನೈಟ್: ಸಿಲ್ಕ್‌ಸಾಂಗ್' ಬಂತು. 2019ರ ಫೆಬ್ರವರಿಯಲ್ಲಿ ಘೋಷಣೆಯಾದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಟೀಮ್ ಚೆರಿಯಲ್ಲಿ ಇರುವುದೇ ಬೆರಳೆಣಿಕೆಯ ಜನ. 2017ರ 'ಹಾಲೋ ನೈಟ್' ಗೇಮ್‌ಗೆ ಒಂದು ತುಣುಕು ಸೇರಿಸೋಣ ಅಂತ ಹೊರಟದ್ದು ಬೆಳೆದು ಬೆಳೆದು ಬೇರೆಯೇ ಗೇಮ್ ಆಯಿತು. ನಾವು ಆಡುವುದು ಹಾರ್ನೆಟ್ ಎಂಬ ಹುಳುವಿನ ಪಾತ್ರ, ಕೈಯಲ್ಲಿ ಸೂಜಿ, ಮೈಯಲ್ಲಿ ರೇಷ್ಮೆ ನೂಲು. ಶುರುವಿನಲ್ಲಿ ಐದು ಮುಖವಾಡ ಇರುತ್ತವೆ, ಅವೇ ಜೀವ. ಎಷ್ಟೋ ಏಟುಗಳು ಒಂದೇ ಸಲಕ್ಕೆ ಎರಡೆರಡು ಕಿತ್ತುಕೊಳ್ಳುತ್ತವೆ. ಅಂದರೆ ಮೂರು ತಪ್ಪಿಗೆ ಸಾವು. ಇದು ಜಾಸ್ತಿಯಾಯಿತು ಅಂತ ನನಗೆ ಈಗಲೂ ಅನಿಸುತ್ತದೆ.

ಬಿಸಿಲು, ಮರಳು, ಗಾಳಿಯ ಜಾಗ ಒಂದಿದೆ, ಬ್ಲಾಸ್ಟೆಡ್ ಸ್ಟೆಪ್ಸ್. ಅದರ ತುದಿಯಲ್ಲಿ ಬಾಗಿಲು ಕಾಯುವ ಲಾಸ್ಟ್ ಜಡ್ಜ್. ಉರಿಯುವ ಧೂಪದ ಪಾತ್ರೆಯನ್ನು ಸರಪಳಿಯಲ್ಲಿ ಬೀಸುತ್ತಾಳೆ. ಸತ್ತರೆ ದೂರದ ಬೆಂಚಿನಿಂದ ಮತ್ತೆ ಬರಬೇಕು, ಜಿಗಿದು, ಹತ್ತಿ, ಹಾರುವ ಹುಳುಗಳನ್ನು ತಪ್ಪಿಸಿಕೊಂಡು. ನನ್ನ ಒಂದು ಗಂಟೆಯ ಎಷ್ಟೋ ಪಾಲು ಆ ದಾರಿಗೇ ಹೋಗುತ್ತಿತ್ತು. ನಾಲ್ಕು ರಾತ್ರಿ ಸೋತ ಮೇಲೆ ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡೆ, ಅರ್ಧ ಹಾಳೆ ಖಾಲಿ ಇದ್ದದ್ದು. ಮುಂದಿನ ಐದು ಸಲ ಹೊಡೆಯುವುದಿಲ್ಲ ಅಂತ ತೀರ್ಮಾನಿಸಿದೆ. ಒಳಗೆ ಹೋಗುವುದು, ಬದುಕಿರುವಷ್ಟು ಹೊತ್ತು ನೋಡುವುದು, ಸತ್ತ ಮೇಲೆ ಒಂದು ಸಾಲು ಬರೆಯುವುದು.

ಆ ಪುಟ ಈಗಲೂ ಇದೆ. 'ಹಿಂದಕ್ಕೆ ವಾಲಿದರೆ ಓಡಿ ಬರ್ತಾಳೆ, ಮೇಲೆ ಹಾರು.' 'ಓಡಿದ ಜಾಗದಲ್ಲಿ ಬೆಂಕಿ ಇರುತ್ತೆ, ಇಳಿಯೋಕೆ ಆತುರ ಬೇಡ.' 'ಗೋಡೆ ಹತ್ತಿರ ನಿಂತ್ರೆ ಸತ್ತೆ.' ಐದನೇ ಸಲಕ್ಕೆ ಮೊದಲಿನ ಯಾವ ಸಲಕ್ಕಿಂತಲೂ ಹೆಚ್ಚು ಹೊತ್ತು ಬದುಕಿದ್ದೆ, ಒಂದೂ ಏಟು ಹೊಡೆಯದೆ. ಹೊಡೆಯುವ ಆಸೆಯೇ ನನ್ನನ್ನು ಸಾಯಿಸುತ್ತಿತ್ತು ಅಂತ ಆಗ ಗೊತ್ತಾಯಿತು. ಮರುದಿನ ಗೆದ್ದೆ. ಕೊನೆಯ ಏಟು ಬಿದ್ದ ಮೇಲೂ ಅವಳು ಉರಿದು ಸಿಡಿಯುತ್ತಾಳೆ. ಮೂಲೆಗೆ ಓಡಿ ಉಳಿದುಕೊಂಡೆ, ಒಂದೇ ಮುಖವಾಡ ಬಾಕಿ ಇತ್ತು.

ಇನ್ನೊಂದು ಮಾತು, ಆಡಲು ಹೊರಟವರಿಗೆ. ಹಾರ್ನೆಟ್ ಮೇಲಿಂದ ಕೆಳಕ್ಕೆ ಓರೆಯಾಗಿ ಎರಗುತ್ತಾಳೆ. ಹಳೆಯ ಗೇಮ್ ಆಡಿದ ಕೈಗೆ ಅದು ಒಗ್ಗುವುದಿಲ್ಲ. ಹೊಡೆಯುವ ರೀತಿಯನ್ನೇ ಬದಲಿಸುವ ಲಾಂಛನಗಳಿವೆ, ಅವುಗಳಲ್ಲಿ ವಾಂಡರರ್ ಕ್ರೆಸ್ಟ್ ಸಿಕ್ಕರೆ ನೇರ ಕೆಳಕ್ಕೆ ಹೊಡೆಯಬಹುದು. ನನಗೆ ಅದು ಸಿಕ್ಕ ದಿನ ಹಳೆಯ ಮನೆಗೆ ಮರಳಿದ ಹಾಗಾಯಿತು.

ನೋಟ್‌ಬುಕ್ ಆಮೇಲೆ ನನ್ನ ಹೆಂಡತಿಯ ಕೈಗೆ ಹೋಯಿತು. 'ಬ್ಲೂ ಪ್ರಿನ್ಸ್' ನಾವಿಬ್ಬರೂ ಕೂತು ಆಡಿದೆವು, ಅದೂ 2025ರ ಏಪ್ರಿಲ್‌ನದೇ. 45 ಕೋಣೆಯ ಬಂಗಲೆಯಲ್ಲಿ 46ನೇ ಕೋಣೆ ಹುಡುಕಬೇಕು. ಪ್ರತಿ ಬಾಗಿಲಲ್ಲೂ ಮೂರು ನಕ್ಷೆ ಸಿಗುತ್ತವೆ, ಒಂದನ್ನು ಆರಿಸಿದರೆ ಆ ಕೋಣೆ ಅಲ್ಲಿ ಬಂದು ಕೂರುತ್ತದೆ. ದಿನಕ್ಕೆ 50 ಹೆಜ್ಜೆಯಿಂದ ಶುರು, ರಾತ್ರಿಯಾದರೆ ಮನೆಯೆಲ್ಲ ಅಳಿಸಿಹೋಗುತ್ತದೆ. ಅದರಲ್ಲೊಂದು ಪಾರ್ಲರ್, ಅಲ್ಲಿ ನೀಲಿ, ಬಿಳಿ, ಕಪ್ಪು ಪೆಟ್ಟಿಗೆಗಳು. ಒಂದರಲ್ಲಿ ಮಾತ್ರ ಹರಳು ಇರುತ್ತದೆ. ಪೆಟ್ಟಿಗೆಗಳ ಮೇಲಿನ ಮಾತುಗಳಲ್ಲಿ ಒಂದಾದರೂ ನಿಜ, ಒಂದಾದರೂ ಸುಳ್ಳು. ನಾನು ಮೂರನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಒದ್ದಾಡುತ್ತಿದ್ದೆ. ಅವಳು ಅಂದಳು, "ರೀ, ಹರಳು ನೀಲಿಯಲ್ಲಿದೆ ಅಂತ ಇಟ್ಕೊಳ್ಳಿ. ಈಗ ಮೂರೂ ನಿಜ ಆಗ್ಬಿಡುತ್ತಾ ನೋಡಿ. ಹಾಗಾದ್ರೆ ನೀಲಿ ಅಲ್ಲ." ಅಷ್ಟೇ. ಅಂದಿನಿಂದ ಪಾರ್ಲರ್ ಬಂದರೆ ಕಂಟ್ರೋಲರ್ ಅವಳಿಗೆ ಕೊಡುತ್ತೇನೆ. ಎಲ್ಲ ಗೊತ್ತಿದ್ದರೂ ಬೇಕಾದ ಕೋಣೆ ಬಾರದೆ ಇಡೀ ರಾತ್ರಿ ಕಳೆದದ್ದೂ ಇದೆ. ದಿನಕ್ಕೆ ಒಂದೇ ಗಂಟೆ ಇರುವವರಿಗೆ ಅದು ನೋಯುತ್ತದೆ.

ಅಮ್ಮ ಊರಿಂದ ಬಂದಿದ್ದಾಗ 'ವೆಂಬಾ' ಹಾಕಿದೆ. 2023ರದು, ಚಿಕ್ಕದು. ಟೊರಾಂಟೊಗೆ ಹೋದ ತಮಿಳು ಕುಟುಂಬ, ತಾಯಿ, ತಂದೆ, ಮಗ, ಅಡುಗೆ. ಅಜ್ಜಿಯ ಅಡುಗೆ ಪುಸ್ತಕ ಅಲ್ಲಲ್ಲಿ ಅಳಿಸಿಹೋಗಿರುತ್ತದೆ, ಬಿಟ್ಟುಹೋದದ್ದನ್ನು ನಾವು ತುಂಬಬೇಕು. ಮೊದಲನೆಯದೇ ಇಡ್ಲಿ. ತಟ್ಟೆ ಜೋಡಿಸುವ ಹೊತ್ತಿಗೆ ನಾನು ತಡವರಿಸಿದೆ. ಅಮ್ಮ ಸೋಫಾದಿಂದಲೇ ಹೇಳಿದರು, "ಒಂದರ ಮೇಲೊಂದು ಇಡ್ಲಿ ಬರಬಾರ್ದು ಕಣೋ, ತಟ್ಟೆ ಸ್ವಲ್ಪ ತಿರುಗ್ಸು. ಆವಿ ಹೋಗೋದು ಹೇಗೆ?" ನಲವತ್ತು ವರ್ಷ ಇಡ್ಲಿ ಬೇಯಿಸಿದವರ ಜ್ಞಾನ ಒಂದು ಗೇಮ್‌ನಲ್ಲಿ ಕೆಲಸಕ್ಕೆ ಬಂತಲ್ವಾ, ನನಗೆ ಕಣ್ಣು ತುಂಬಿತು. ಮಾತುಗಳನ್ನು ಮಾತ್ರ ಒಂದೊಂದಾಗಿ ನಾನೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು. ಇಲ್ಲಿ ಹೇಳಿದ ಯಾವ ಗೇಮ್‌ನಲ್ಲೂ ಕನ್ನಡ ಇಲ್ಲ. ಅಮ್ಮ ತಾವೇ ಓದಿಕೊಂಡು ಆಡುವ ದಿನ ನನಗೆ ಬೇಕು.

ಮುಂದೆ ಬರುವುದರಲ್ಲಿ ಎಲ್ಲರ ಕಣ್ಣೂ 'ಗ್ರ್ಯಾಂಡ್ ಥೆಫ್ಟ್ ಆಟೋ 6' ಮೇಲೆ. ಮೊದಲು 2025 ಅಂದರು, ಆಮೇಲೆ 2026ರ ಮೇ 26, ಆಮೇಲೆ ನವೆಂಬರ್ 19. ತಡವಾದರೂ ಪರವಾಗಿಲ್ಲ, ಮಾಡುವವರು ನಿದ್ದೆಗೆಟ್ಟು ಮಾಡುವುದು ಬೇಡ. ಆದರೆ ಅಷ್ಟು ದೊಡ್ಡ ಊರನ್ನು ದಿನಕ್ಕೊಂದು ಗಂಟೆಯಲ್ಲಿ ಸುತ್ತುವುದು ನನಗೆ ಆಗುವ ಮಾತಲ್ಲ. ಅದನ್ನು ಬಿಡುವುದಾಗಿ ಈಗಲೇ ತೀರ್ಮಾನಿಸಿದ್ದೇನೆ. 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು ಒಬ್ಬರೇ ಕೂತು ಮಾಡಿದ ಎರಿಕ್ ಬರೋನ್ 2021ರಲ್ಲಿ 'ಹಾಂಟೆಡ್ ಚಾಕೊಲೇಟಿಯರ್' ಎಂಬ ಹೊಸ ಗೇಮ್ ತೋರಿಸಿದರು. ಅದನ್ನು ಮಾತ್ರ ಬಂದ ದಿನವೇ ಕೊಳ್ಳುತ್ತೇನೆ, ಮಗಳ ಜೊತೆ ಆಡಲು.

ಸಿಲ್ಕ್‌ಸಾಂಗ್‌ಗೆ 'ಸೀ ಆಫ್ ಸಾರೋ' ಎಂಬ ಹೊಸ ಭಾಗವನ್ನೂ ಘೋಷಿಸಿದ್ದಾರೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲವಂತೆ. ನೋಟ್‌ಬುಕ್‌ನಲ್ಲಿ ಇನ್ನು ಹನ್ನೊಂದು ಹಾಳೆ ಖಾಲಿ ಇವೆ. ಮಗಳು ಕೇಳಿದರೂ ಕೊಟ್ಟಿಲ್ಲ.