‘ಗಮನ ಹರಿಸುವುದು’ ಅಂದರೆ ಯಾರು ಹರಿಸುವುದು?

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಾನು ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮಷಿನ್‌ಗಳು – 14 ಸಿಎನ್‌ಸಿ, 6 ವಿಎಂಸಿ; ಮೂರು ಶಿಫ್ಟ್ ಸೇರಿ 70 ಚಿಲ್ಲರೆ ಜನ. ಈ ಕೆಲಸಕ್ಕೆ ಬಂದಾಗ ನನಗೆ ಬಳುವಳಿಯಾಗಿ ಸಿಕ್ಕಿದ್ದು ಬೆಳಗ್ಗೆ 10 ಗಂಟೆಯ ಮೀಟಿಂಗ್. ಸ್ಟೋರ್ಸ್, ಕ್ವಾಲಿಟಿ, ಮೇಂಟೆನೆನ್ಸ್, ಟೂಲ್ ರೂಮ್, ಪರ್ಚೇಸ್, ಡಿಸ್ಪ್ಯಾಚ್, ಇಬ್ಬರು ಸೂಪರ್‌ವೈಸರ್‌ಗಳು, ಜೊತೆಗೆ ನಾನು. ಕ್ಯಾಬಿನ್‌ನಲ್ಲಿ ಎಸಿ ಇತ್ತು. ಟೀ ಬರುತ್ತಿತ್ತು, ಬಿಸ್ಕತ್ತು ಬರುತ್ತಿತ್ತು, ತೀರ್ಮಾನ ಮಾತ್ರ ಬರುತ್ತಿರಲಿಲ್ಲ.

ಒಂದು ದಿನ ಬೇಜಾರಿಗೆ ಚಲನ್ ಹಿಂದೆ ಲೆಕ್ಕ ಹಾಕಿದೆ. 9 ಜನ, ದಿನಕ್ಕೆ ಒಂದೂಕಾಲು ಗಂಟೆ. ಒಟ್ಟು 11 ಗಂಟೆ 15 ನಿಮಿಷ. ಒಬ್ಬ ಆಪರೇಟರ್‌ನ ಶಿಫ್ಟ್ ಇರೋದೇ 8 ಗಂಟೆ!

ಆದರೂ ನಾನು ಬದಲಾಯಿಸಲಿಲ್ಲ. ಬದಲಾಯಿಸುವಂತೆ ಮಾಡಿದ್ದು ಒಂದು ರಿಜೆಕ್ಷನ್. ಒಂದು ಪಾರ್ಟ್‌ನ ಬೋರ್ (ಒಳಗಿನ ತೂತು) ಸಣ್ಣ ಬರುತ್ತಿತ್ತು, ಒಳಗೆ ಗೀರು ಬೇರೆ. ದಿನಾ 20–25 ಪೀಸ್ ಕೆಂಪು ಡಬ್ಬಕ್ಕೆ. ದಿನಾ ಮೀಟಿಂಗ್‌ನಲ್ಲಿ ಅದೇ ಮಾತು. ಒಂಬತ್ತನೇ ದಿನ ಸುಮ್ನೆ ರಿಜಿಸ್ಟರ್ ತಿರುಗಿಸಿ ನೋಡಿದೆ. ಒಂಬತ್ತೂ ದಿನ ಒಂದೇ ಸಾಲು: ‘ಬೋರ್ ಸಮಸ್ಯೆ ಬಗ್ಗೆ ಗಮನ ಹರಿಸುವುದು.’ ಬರೆದವನು ನಾನೇ.

ಆವತ್ತು ಮಧ್ಯಾಹ್ನ ಮಷಿನ್ ಹತ್ತಿರ ಹೋಗಿ ನಿಂತೆ. ಆಪರೇಟರ್ ಹುಡುಗ ತಲೆ ಎತ್ತದೇ ಹೇಳಿದ, ‘ಸಾರ್, ಹೋದ ತಿಂಗಳು ಬೇರೆ ಕಂಪನಿ ಇನ್ಸರ್ಟ್ ಬಂದಿದೆ ಅಲ್ವಾ? ಅದು 40 ಪೀಸ್‌ಗೆ ಸವೆದುಹೋಗುತ್ತೆ. ಚಾರ್ಟ್‌ನಲ್ಲಿ 100ಕ್ಕೆ ಬದಲಾಯಿಸಿ ಅಂತಿದೆ. ಮಧ್ಯದಲ್ಲಿ ಕೇಳಿದರೆ ಸ್ಟೋರ್ಸ್‌ನವರು ಕೊಡಲ್ಲ.’ (ಇನ್ಸರ್ಟ್ ಅಂದರೆ ಲೋಹ ಕೊರೆಯುವ ಟೂಲ್‌ನ ತುದಿಗೆ ಸಿಕ್ಕಿಸುವ ಚಿಕ್ಕ ಅಲಗು.)

‘ಮೊದಲೇ ಯಾಕಪ್ಪ ಹೇಳಲಿಲ್ಲ?’

‘ಯಾರೂ ಕೇಳಲಿಲ್ಲ ಸಾರ್.’

ಪರ್ಚೇಸ್‌ಗೆ ಕಂಪನಿ ಬದಲಾದದ್ದು ಗೊತ್ತಿತ್ತು. ಸ್ಟೋರ್ಸ್‌ಗೆ ಇನ್ಸರ್ಟ್ ಬೇಗ ಖಾಲಿಯಾಗುತ್ತಿರುವುದು ಗೊತ್ತಿತ್ತು. ಕ್ವಾಲಿಟಿಗೆ ಬೋರ್ ಅಳತೆ ಗೊತ್ತಿತ್ತು. ಮೂವರೂ ದಿನಾ ಒಂದೇ ಮೇಜಿನ ಸುತ್ತ ಟೀ ಕುಡಿಯುತ್ತಿದ್ದರು.

ರಾತ್ರಿ ಮನೆಗೆ ಹೋದಮೇಲೂ ಆ ‘ಹರಿಸುವುದು’ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಆಫೀಸು ಕನ್ನಡದಲ್ಲಿ ಇದೊಂದು ಅನುಕೂಲ. ‘ಕ್ರಮ ಕೈಗೊಳ್ಳುವುದು’, ‘ಪರಿಶೀಲಿಸುವುದು’, ‘ತಿಳಿಸುವುದು’. ಯಾರು ಅನ್ನೋದೇ ಇಲ್ಲ. ಯಾವಾಗ ಅನ್ನೋದೂ ಇಲ್ಲ. ಇಂಥ ವಾಕ್ಯ ಬರೆದರೆ ಯಾರಿಗೂ ನೋವಾಗಲ್ಲ. ಅದಕ್ಕೇ ಎಲ್ಲರಿಗೂ ಇಷ್ಟ. ಇಂಗ್ಲಿಷ್ ಮಿನಿಟ್ಸ್ ಬರೆಯುವವರೂ ಇದೇ ಆಟ ಆಡುತ್ತಾರೆ, ನೋಡಿದ್ದೇನೆ.

ಮಾರನೇ ದಿನ ರಿಜಿಸ್ಟರ್ ಮುಚ್ಚಿಟ್ಟೆ. ಇನ್ಸ್‌ಪೆಕ್ಷನ್ ರೂಮ್ ಬಾಗಿಲ ಪಕ್ಕ ಒಂದು ಬಿಳಿ ಬೋರ್ಡ್ ಹಾಕಿಸಿದೆ. (ಮೊದಲು ವಿಎಂಸಿ ಸಾಲಿನ ಹತ್ತಿರ ಹಾಕಿಸಿದ್ದೆ. ಕಂಪ್ರೆಸರ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದೇ ಮೂರು ದಿನ ಬರೀ ತಲೆ ಆಡಿಸಿದೆವು.) ಸಮಯ 9:10. ಎಲ್ಲರೂ ನಿಂತೇ ಇರಬೇಕು, 15 ನಿಮಿಷ. ಬೋರ್ಡ್ ಮೇಲೆ ‘–ವುದು’ ಅಂತ ಮುಗಿಯುವ ವಾಕ್ಯ ಬರೆಯುವ ಹಾಗಿಲ್ಲ. ಕೆಲಸ ಒಪ್ಪಿಕೊಂಡವರು ತಮ್ಮ ಕೈಯಾರೆ, ತಮ್ಮ ಹೆಸರಿನ ಮುಂದೆ, ‘ಕೊಡ್ತೀನಿ’, ‘ನೋಡ್ತೀನಿ’ ಅಂತ ಬರೆಯಬೇಕು, ಪಕ್ಕದಲ್ಲಿ ಗಂಟೆ ಹಾಕಬೇಕು. ‘ಇವತ್ತು’ ಅಂದರೆ ಸಾಲದು, ‘3 ಗಂಟೆ’.

ಮೊದಮೊದಲು ಮಾರ್ಕರ್ ಹಿಡಿಯಲು ಎಲ್ಲರಿಗೂ ಒಂಥರಾ ಮುಜುಗರ. ‘ನೀವೇ ಬರೀರಿ ಸಾರ್’ ಅನ್ನೋರು. ನಾನು ಮಾರ್ಕರ್ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಬರೆಯುವ ಮುಂಚೆ ಜನ ಯೋಚಿಸುತ್ತಾರೆ. ‘3 ಗಂಟೆ ಆಗಲ್ಲ ಸಾರ್, ಗೇಜ್ ಕ್ಯಾಲಿಬ್ರೇಷನ್‌ಗೆ ಹೋಗಿದೆ, ನಾಳೆ 11 ಹಾಕ್ತೀನಿ’ ಅಂತ ಬಾಯಿಬಿಡುತ್ತಾರೆ. ನನಗೆ ಬೇಕಾಗಿದ್ದದ್ದು ಆ ಮಾತೇ.

ಮಾತಿನ ಸರದಿಯನ್ನೂ ಬದಲಾಯಿಸಿದೆ. ಮೊದಲೆಲ್ಲ ಮೇಂಟೆನೆನ್ಸ್‌ನಿಂದ ಶುರು, 40 ನಿಮಿಷ ಅಲ್ಲೇ ಮುಗಿಯುತ್ತಿತ್ತು. ಈಗ ಡಿಸ್ಪ್ಯಾಚ್ ಮೊದಲು. ಸಂಜೆ ಯಾವ ಗಾಡಿಗೆ ಯಾವ ಮಾಲು ಹೋಗಬೇಕು ಅಂತ ತಿಳಿದರೆ ಉಳಿದ ಜಗಳಗಳಲ್ಲಿ ಅರ್ಧ ತಾನಾಗಿಯೇ ಬಿದ್ದುಹೋಗುತ್ತವೆ. ಇಬ್ಬರಿಗೆ ಮಾತ್ರ ಸಂಬಂಧಪಟ್ಟ ವಿಷಯ ಬಂದರೆ ಬೋರ್ಡ್ ಮೂಲೆಯಲ್ಲಿ ‘ಆಮೇಲೆ’ ಅಂತ ಬರೆದು ಮುಂದೆ ಹೋಗುತ್ತೇವೆ. ಉಳಿದ ಏಳು ಜನ ಅವರ ಚರ್ಚೆ ಕೇಳುತ್ತಾ ಕಾಲು ನೋಯಿಸಿಕೊಳ್ಳುವುದು ಬೇಡ.

ಬೋರ್ಡ್ ಕೆಳಗೆ ಒಂದು ಮೇಜಿದೆ. ಹಿಂದಿನ ದಿನದ ರಿಜೆಕ್ಟ್ ಪೀಸ್‌ಗಳನ್ನು ಅದರ ಮೇಲೆ ಸಾಲಾಗಿ ಇಡುತ್ತೇವೆ. ಜಪಾನಿನ ಕಾರ್ಖಾನೆಗಳಲ್ಲಿ ಹೀಗೆ ಇಡುವುದಕ್ಕೆ ಅಸಾಇಚಿ ಅನ್ನುತ್ತಾರೆ, ಅಂದರೆ ಬೆಳಗಿನ ಸಂತೆ. ನಮ್ಮವರು ಅದನ್ನು ‘ಸಂತೆ’ ಅಂತಲೇ ಕರೆಯುತ್ತಾರೆ. ಪೀಸ್ ಕೈಯಲ್ಲಿದ್ದರೆ ವಾದ ಚಿಕ್ಕದಾಗುತ್ತದೆ. ಆ ಪೀಸ್ ಓಡಿಸಿದ ಆಪರೇಟರ್ ಐದು ನಿಮಿಷ ಬಂದು ಹೇಳಿ ಹೋಗುತ್ತಾನೆ, ಅಷ್ಟು ಹೊತ್ತು ಸೂಪರ್‌ವೈಸರ್ ಮಷಿನ್ ನೋಡಿಕೊಳ್ಳುತ್ತಾನೆ. ಒಡಿಶಾದ ಹುಡುಗರಿಗೆ ಕನ್ನಡ ಕಷ್ಟ. ಪೀಸ್ ತೋರಿಸಿ ಬೆರಳಿಟ್ಟು ‘ಇಧರ್ ಬರ್ರ್’ (ಇಲ್ಲಿ ಅಂಚಿನಲ್ಲಿ ಲೋಹದ ಚೂಪು ಉಳಿದಿದೆ) ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಒಂದು ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ಹುಮ್ಮಸ್ಸಿಗೆ ತಡವಾಗಿ ಬಂದವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಕ್ವಾಲಿಟಿಯ ಹುಡುಗಿಯ ಹೆಸರು ವಾರದಲ್ಲಿ ಮೂರು ಸಲ ಬಂತು. ಅವಳು ನೆಲಮಂಗಲದ ಆಚೆಯ ಹಳ್ಳಿಯಿಂದ ಬರುವವಳು, ಆ ಬಸ್ಸು ತಪ್ಪಿದರೆ ಮುಂದಿನದು ಅರ್ಧ ಗಂಟೆಗೆ. ಅವಳು ತಡವಾಗಿ ಬರುವುದು ನಿಲ್ಲಲಿಲ್ಲ, ಮಾತಾಡುವುದು ನಿಂತಿತು. ಇಡೀ ಗುಂಪಿನಲ್ಲಿ ಅಳತೆ ಸರಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ! ಒಂದು ಬೆಳಗ್ಗೆ ಎಲ್ಲರ ಮುಂದೆಯೇ ಆ ಕೆಂಪು ಪಟ್ಟಿ ಅಳಿಸಿ, ‘ತಪ್ಪಾಯ್ತಮ್ಮ’ ಅಂದೆ. ಹಾಗೆ ಆದದ್ದೇ 9:10. ಮೊದಲು ನಾನು ಇಟ್ಟಿದ್ದು 8:45.

ಇನ್ನೊಂದು ತೊಂದರೆ ಓನರ್‌ದು. ಒಳ್ಳೆಯ ಮನುಷ್ಯ, ಆದರೆ ಕೆಂಪು ಡಬ್ಬ ಕಂಡರೆ ತಡೆಯಲಾರರು. ಅವರು ಬಂದ ದಿನ ಸಂತೆಯಲ್ಲಿ ಪೀಸ್ ಕಡಿಮೆ ಇರುತ್ತಿತ್ತು. ಉಳಿದವು ಎಲ್ಲಿ ಅಂತ ಹುಡುಕಿದರೆ ಮಷಿನ್ ಕೆಳಗೆ, ಚಿಪ್ಸ್ ಒಳಗೆ, ಅಂದರೆ ಕೊರೆದು ಬಿದ್ದ ಲೋಹದ ಚೂರುಗಳ ಒಳಗೆ. ಧೈರ್ಯ ಮಾಡಿ ಹೇಳಿದೆ, ‘ಸಾರ್, ನೀವು ಬೈದರೆ ಪೀಸ್ ಬಚ್ಚಿಡ್ತಾರೆ. ಆಮೇಲೆ ಕಸ್ಟಮರ್ ಬೈತಾನೆ.’ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ಶನಿವಾರ ಮಾತ್ರ ಬರುತ್ತಾರೆ, ಹಿಂದೆ ಕೈ ಕಟ್ಟಿ ನಿಲ್ಲುತ್ತಾರೆ. ಒಮ್ಮೊಮ್ಮೆ ಕೆಮ್ಮುತ್ತಾರೆ.

ಆ ಇನ್ಸರ್ಟ್ ಕತೆ ಏನಾಯಿತು ಅಂದರೆ, ಬೋರ್ಡ್‌ಗೆ ಬಂದ ದಿನವೇ ಸ್ಟೋರ್ಸ್‌ನವರು ‘40 ಪೀಸ್‌ಗೆ ಒಂದು ಕೊಡ್ತೀನಿ’ ಅಂತ ಬರೆದರು. ಪರ್ಚೇಸ್‌ನವರು ಹಳೇ ಇನ್ಸರ್ಟ್ ಬೆಲೆ ಮತ್ತೆ ಕೇಳಿದರು. ಪೀಸ್ ಲೆಕ್ಕದಲ್ಲಿ ನೋಡಿದರೆ ಹೊಸದೇ ದುಬಾರಿ.

ಇನ್ನೂ ಸರಿ ಮಾಡಲಾಗದೇ ಇರುವುದು ರಾತ್ರಿ ಶಿಫ್ಟ್. ಬೆಳಗ್ಗೆ 6ಕ್ಕೆ ಬಿಡುವ ಹುಡುಗರನ್ನು 9:10ರವರೆಗೆ ಕೂರಿಸಲು ಆಗಲ್ಲ. ಒಂದು ನೋಟ್‌ಬುಕ್ ಇಟ್ಟೆ. ಮೂರನೇ ದಿನ ಅದರಲ್ಲಿ ‘ಮಷಿನ್ 7 ಬಗ್ಗೆ ಗಮನ ಹರಿಸುವುದು’ ಅಂತ ಬರೆದಿತ್ತು. ಈಗ ಸೋಮವಾರ, ಗುರುವಾರ ನಾನೇ ಮುಕ್ಕಾಲು ಗಂಟೆ ಮುಂಚೆ, 5:15ಕ್ಕೆ ಹೋಗುತ್ತಿದ್ದೇನೆ. ಮಷಿನ್ 7ರ ಕೂಲೆಂಟ್ ಪೈಪು ಸೋರುತ್ತಿತ್ತಂತೆ.